ಮೂರು ವರ್ಷ ನಿಂತ 407ರ ಟಿಕ್ ಟಿಕ್: ಇಂಜಿನ್ ಇಳಿಸಲೇಬೇಕಾ?

ಪ್ರಶ್ನೆ: ನಮ್ಮ ಮಾವನವರ 2003ರ ಟಾಟಾ 407 ಮಾಗಡಿ ರಸ್ತೆಯ ಒಂದು ಖಾಲಿ ಸೈಟಿನಲ್ಲಿ, ಹೊಂಗೆ ಮರದ ಕೆಳಗೆ ಮೂರು ವರ್ಷ ಸುಮ್ನೆ ನಿಂತಿತ್ತು. ಅದಕ್ಕೆ ಮುಂಚೆಯೂ ಸರ್ವಿಸ್ ಅಷ್ಟಕ್ಕಷ್ಟೇ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದೆವು. ಓಡುತ್ತದೆ, ಆದರೆ ಇಂಜಿನ್‌ನಿಂದ ಒಂದೇ ಸಮ ಟಿಕ್ ಟಿಕ್ ಸದ್ದು. ಒಬ್ಬ ಮೆಕ್ಯಾನಿಕ್ ‘ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, 80 ಸಾವಿರ ಆಗುತ್ತೆ’ ಅಂದರು. ಇನ್ನೊಬ್ಬರು ‘ದಪ್ಪ ಆಯಿಲ್ ಹಾಕಿ, ಸದ್ದು ಹೋಗುತ್ತೆ’ ಅಂದರು. ಯಾರ ಮಾತು ಕೇಳಲಿ? ಮುಂದಿನ ವಾರ ಕೋಲಾರಕ್ಕೆ ಒಂದು ಲೋಡು ಒಪ್ಪಿಕೊಂಡಿದ್ದೇನೆ. – ಕಾಮಾಕ್ಷಿಪಾಳ್ಯದ ಓದುಗರು

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಕೋಲಾರದ ಲೋಡನ್ನೂ ಬೇರೆ ಗಾಡಿಗೆ ಕೊಟ್ಟುಬಿಡಿ.

ಮೊದಲನೆಯವರು ಹೇಳಿದ್ದು ನಿಜವೂ ಇರಬಹುದು. ಆದರೆ ಬಾನೆಟ್ ಎತ್ತಿ ಎರಡು ನಿಮಿಷ ನಿಂತು ‘ಬೇರಿಂಗ್’ ಅಂದಿದ್ದರೆ ಅದು ಊಹೆ. ಎರಡನೆಯವರು ಹೇಳಿದ್ದು ರಿಪೇರಿಯೇ ಅಲ್ಲ, ಬಾಯಿ ಮುಚ್ಚಿಸೋ ಕೆಲಸ. ದಪ್ಪ ಆಯಿಲ್ ಸಂದುಗಳಲ್ಲಿ ಕೂತು ಸದ್ದನ್ನು ಸ್ವಲ್ಪ ಅಡಗಿಸುತ್ತದೆ. ಹಳೇ ಗಾಡಿ ಮಾರುವವರಿಗೆ ಈ ಉಪಾಯ ಚೆನ್ನಾಗಿ ಗೊತ್ತು. ಆದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಅದೇ ಆಯಿಲ್ ಮೇಲಿನ ರಾಕರ್‌ಗಳಿಗೆ (ವಾಲ್ವ್ ಒತ್ತುವ ಸಣ್ಣ ಸನ್ನೆಗಳಿಗೆ) ಏರೋದು ನಿಧಾನವಾಗುತ್ತದೆ. ಮೊದಲೇ ಆಯಿಲ್ ಕಾಣದ ಭಾಗ ಇನ್ನಷ್ಟು ಒಣಗುತ್ತದೆ.

ಬಿಚ್ಚಿ ನೋಡೋದಕ್ಕೆ ಮುಂಚೆ ಕೇಳಿ ನೋಡಬೇಕು ಅನ್ನೋದನ್ನು ನಾನು ಕಲಿತಿದ್ದು ಪೆಟ್ಟು ತಿಂದೇ. ಕಲಾಸಿಪಾಳ್ಯದ ಹತ್ತಿರ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ತುಮಕೂರು ಕಡೆಯ ಒಂದು ಲಾರಿ ಇದೇ ಸದ್ದು ಹೊತ್ತು ಬಂತು. ಉಸ್ತಾದ್ ಊರಲ್ಲಿರಲಿಲ್ಲ. ನಾನೇ ದೊಡ್ಡವನು ಅಂದುಕೊಂಡು ಇಂಜಿನ್ ಇಳಿಸಿದೆ, ಬೇರಿಂಗ್ ಸೆಟ್ ಹಾಕಿದೆ, ನಾಲ್ಕನೇ ದಿನ ಸ್ಟಾರ್ಟ್ ಮಾಡಿದೆ. ಅದೇ ಟಿಕ್ ಟಿಕ್! ಅಷ್ಟೊತ್ತಿಗೆ ಉಸ್ತಾದ್ ಬಂದರು. ಏನೂ ಮಾತಾಡಲಿಲ್ಲ. ಒಂದು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು, ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಅಲ್ಲಿ ಇಲ್ಲಿ ಇಟ್ಟು, ಕೊನೆಗೆ ಡೈನಮೋ ಬ್ರಾಕೆಟ್ ಮೇಲೆ ನಿಲ್ಲಿಸಿದರು. ಬ್ರಾಕೆಟ್ ಸೀಳಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಲಾರಿ ಮಾಲೀಕರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಈಗ ನಿಮ್ಮ ಗಾಡಿಗೆ ಬರೋಣ. ಅದರಲ್ಲಿರೋದು 497 ಇಂಜಿನ್ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೆಸರಲ್ಲೇ ಲೆಕ್ಕ ಇದೆ: 4 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ. ಸಿಲಿಂಡರಿಗೆ ಎರಡರಂತೆ ಎಂಟು ವಾಲ್ವ್: ಒಂದು ಗಾಳಿ ಒಳಗೆ ಬಿಡೋಕೆ (ಇನ್‌ಲೆಟ್), ಇನ್ನೊಂದು ಹೊಗೆ ಹೊರಗೆ ಬಿಡೋಕೆ (ಎಕ್ಸಾಸ್ಟ್). ಕ್ಯಾಮ್, ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್, ಕೆಳಗಿದೆ. ಅದು ಟಪ್ಪೆಟ್ಟನ್ನು ಎತ್ತುತ್ತದೆ, ಟಪ್ಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರನ್ನು, ರಾಕರ್ ವಾಲ್ವನ್ನು ಒತ್ತುತ್ತದೆ. ರಾಕರಿಗೂ ವಾಲ್ವಿಗೂ ನಡುವೆ ಒಂದು ಸಣ್ಣ ಗ್ಯಾಪ್ ಬಿಟ್ಟಿರುತ್ತಾರೆ. ಅದನ್ನು ಕೈಯಲ್ಲೇ ಸೆಟ್ ಮಾಡಬೇಕು. ಈಗಿನ ಎಷ್ಟೋ ಕಾರುಗಳ ಹಾಗೆ ಆಯಿಲ್ ಪ್ರೆಶರಿನಿಂದ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟಪ್ಪೆಟ್ ಇದರಲ್ಲಿಲ್ಲ. ಹಾಗಾಗಿ ‘ಟಪ್ಪೆಟ್ ಸದ್ದಿಗೆ’ ಅಂತ ಮಾರುವ ಸಣ್ಣ ಬಾಟಲಿ ಔಷಧಿಗೆ ದುಡ್ಡು ಹಾಕಬೇಡಿ. ಅದು ವಾಸಿ ಮಾಡಬೇಕಾದ ಅಂಗವೇ ನಿಮ್ಮ ಇಂಜಿನ್‌ನಲ್ಲಿಲ್ಲ.

ಮೊದಲ ಕೆಲಸ ಆಯಿಲ್. ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ಬದಲಾಯಿಸಿದಿರೋ ಇಲ್ಲವೋ ನೀವು ಬರೆದಿಲ್ಲ. ಇಲ್ಲ ಅಂದರೆ ಇವತ್ತೇ ಇಳಿಸಿ. ಇಂಜಿನ್ ಸ್ವಲ್ಪ ಬಿಸಿ ಇರುವಾಗ, ಶುಭ್ರವಾದ ಬಕೆಟ್ಟಿಗೆ ಇಳಿಸಿ. ಮೊದಲು ಮೂಸಿ ನೋಡಿ. ಡೀಸೆಲ್ ವಾಸನೆ ಜೋರಾಗಿದ್ದರೆ, ಬೆರಳಿಗೆ ನೀರಿನ ಹಾಗೆ ತೆಳ್ಳಗೆ ಹತ್ತಿದರೆ, ಎಲ್ಲೋ ಡೀಸೆಲ್ ಸೋರಿ ಆಯಿಲಿಗೆ ಸೇರುತ್ತಿದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಆ ಇಂಜಿನನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ.

ಆಮೇಲೆ ಹಳೇ ಫಿಲ್ಟರ್. ಅದನ್ನು ಬಿಸಾಡಬೇಡಿ, ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಲ್ಲಿ ಹರಡಿ. ಗರಗಸದ ಪುಡಿ ಸೇರದ ಹಾಗೆ ಹುಷಾರಾಗಿ ಕತ್ತರಿಸಿ, ಇಲ್ಲದಿದ್ದರೆ ನಿಮ್ಮದೇ ಪುಡಿ ನೋಡಿ ನೀವೇ ಹೆದರುತ್ತೀರಿ. ಮಡಿಕೆಗಳ ನಡುವೆ ಒಂದು ಅಯಸ್ಕಾಂತ ಆಡಿಸಿ. ಅಂಟುವ ಕಪ್ಪು ನುಣ್ಣನೆ ಪುಡಿ ಸ್ವಲ್ಪ ಇದ್ದರೆ ಹಳೇ ಇಂಜಿನ್‌ಗೆ ಅದು ಮಾಮೂಲು. ಅಂಟದೆ, ತಾಮ್ರದ ಬಣ್ಣದಲ್ಲಿ ಹೊಳೆಯುವ ಚೂರುಗಳು ಸಿಕ್ಕರೆ ಮೊದಲನೇ ಮೆಕ್ಯಾನಿಕ್ ಗೆದ್ದರು. ಬೇರಿಂಗ್‌ನ ಮೇಲಿನ ಬೂದು ಪದರ ಸವೆದು ಒಳಗಿನ ತಾಮ್ರ ಏಳುತ್ತಿದೆ ಅಂತ ಅದರ ಅರ್ಥ. ಈ ಒಂದು ಪರೀಕ್ಷೆಗೆ ಖರ್ಚೇ ಇಲ್ಲ, ಆದರೂ ಮಾಡುವವರು ಕಮ್ಮಿ.

ಹೊಸದಾಗಿ 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲ್ ಹಾಕಿ. ಬೆಂಗಳೂರಿನ ಹವೆಗೆ ಅದು ಸಾಕು. ಒಳಗೆ ಕೆಸರು ತುಂಬಿದೆ ಅಂತ ಸೀಮೆಎಣ್ಣೆ ಹಾಕಿ ಓಡಿಸಿ ತೊಳೆಯುವವರಿದ್ದಾರೆ. ದಯವಿಟ್ಟು ಬೇಡ. ಒಮ್ಮೆಗೇ ಕಿತ್ತು ಬಂದ ಕೆಸರು ಚೇಂಬರ್‌ನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಜಾಲರಿಗೆ ಹೋಗಿ ಕೂರುತ್ತದೆ. ಆಮೇಲೆ ಪಂಪು ಎಳೆಯೋಕೆ ಆಯಿಲೇ ಸಿಗಲ್ಲ. ಅದರ ಬದಲು ಈ ಆಯಿಲನ್ನು 500 ಕಿ.ಮೀ.ಗೇ ಇಳಿಸಿ, ಇನ್ನೊಮ್ಮೆ ಹೊಸದು ಹಾಕಿ. ಎರಡು ಆಯಿಲ್ ಖರ್ಚು ಒಂದು ಕ್ರ್ಯಾಂಕ್‌ಗಿಂತ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿಗಿಂತ, ಅಗ್ಗ ಅಲ್ವಾ?

ಇನ್ನು ಪ್ರೆಶರ್. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಬೇಡಿ. ಪ್ರೆಶರ್ ಪೂರಾ ಬಿದ್ದುಹೋದ ಮೇಲೇ ಅದು ಉರಿಯೋದು. ದೀಪದ ಸ್ವಿಚ್ ಇರುವ ಜಾಗಕ್ಕೆ ಒಂದು ಮೀಟರ್ ಹಾಕಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋದು ಗ್ಯಾರೇಜುಗಳ ಹಳೇ ಲೆಕ್ಕ. ಬಿಸಿಯಲ್ಲಿ ಅದಕ್ಕಿಂತ ತುಂಬಾ ಕೆಳಗೆ ಬಂದರೆ ಮುಂದಿನದ್ಯಾವುದನ್ನೂ ಮಾಡೋದು ಬೇಡ, ಇಂಜಿನ್ ಆಫ್ ಮಾಡಿ. ಗಾಡಿಯಲ್ಲೇ ಕೈಗೆ ಜಾಗ ಸಿಕ್ಕರೆ ಚೇಂಬರ್ ಇಳಿಸಿ ಒಂದು ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವ ಜಾಗ) ಕ್ಯಾಪ್ ಬಿಚ್ಚಿ ಬೇರಿಂಗ್ ನೋಡಿಸಿ. ಅದಕ್ಕೆ ಇಂಜಿನ್ ಪೂರ್ತಿ ಇಳಿಸಲೇಬೇಕು ಅಂತಿಲ್ಲ.

ಪ್ರೆಶರ್ ಸರಿಯಿದೆ, ಫಿಲ್ಟರ್‌ನಲ್ಲಿ ತಾಮ್ರ ಇಲ್ಲ ಅಂದರೆ ನಿಮ್ಮ 80 ಸಾವಿರ ಮುಕ್ಕಾಲು ಪಾಲು ಉಳಿಯಿತು ಅಂದುಕೊಳ್ಳಿ. ಈಗ ಕೇಳೋ ಕೆಲಸ.

ಸ್ಕ್ರೂಡ್ರೈವರ್ ಸಾಕು. ಅದರ ತುದಿಯನ್ನು ರಾಕರ್ ಕವರ್ ಮೇಲೆ, ಒಂದೊಂದು ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಮೇಲೆ, ಹೊಗೆ ಹೊರಹಾಕುವ ಮ್ಯಾನಿಫೋಲ್ಡ್‌ನ ಬೋಲ್ಟ್ ಮೇಲೆ, ಡೀಸೆಲ್ ಪಂಪ್ ಮೇಲೆ, ಬ್ಲಾಕಿನ ಬದಿಗೆ, ಚೇಂಬರ್‌ಗೆ ಇಟ್ಟು ಕೇಳುತ್ತಾ ಹೋಗಿ. ಲುಂಗಿ ಉಟ್ಟುಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಫ್ಯಾನ್ ಹತ್ತಿರ ಬಗ್ಗಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮೇಲಿನಿಂದ ಬರುವ ಸಣ್ಣ, ಒಣ ಟಿಕ್ ಸಾಮಾನ್ಯವಾಗಿ ಕಮ್ಮಿ ಖರ್ಚಿನದು. ಕೆಳಗಿನಿಂದ, ಮರದ ಕೊರಡಿಗೆ ಸುತ್ತಿಗೆ ಬಡಿದ ಹಾಗೆ ಬರುವ ದಪ್ಪ ಸದ್ದು ದುಬಾರಿ. ನೀವು ‘ಟಿಕ್ ಟಿಕ್’ ಅಂತ ಬರೆದಿದ್ದೀರಿ, ‘ಡಬ್ ಡಬ್’ ಅಂತಲ್ಲ. ಅದೇ ನನಗೆ ಸ್ವಲ್ಪ ಧೈರ್ಯ ಕೊಟ್ಟದ್ದು.

ಸದ್ದಿನ ಲಯವನ್ನೂ ನೋಡಬೇಕು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಐಡಲಿಂಗ್ 700 ಆರ್‌ಪಿಎಂ ಅಂದರೆ ಒಂದು ವಾಲ್ವ್ ನಿಮಿಷಕ್ಕೆ 350 ಸಲ ಬಡಿಯುತ್ತದೆ, ಸೆಕೆಂಡಿಗೆ ಹೆಚ್ಚುಕಮ್ಮಿ ಆರು. ಕ್ರ್ಯಾಂಕ್‌ನ ವೇಗಕ್ಕೆ ಬರುವ ಸದ್ದು ಅದರ ಎರಡರಷ್ಟು. ಕಿವಿಯಿಂದ ಎಣಿಸೋದು ಕಷ್ಟ, ಅದಕ್ಕೊಂದು ದಾರಿಯಿದೆ. ನಾಝಲ್‌ಗೆ ಹೋಗುವ ಸಣ್ಣ ಸ್ಟೀಲ್ ಪೈಪನ್ನು ನಡುವೆ, ಜಾಯಿಂಟಿನಿಂದ ದೂರದಲ್ಲಿ, ಎರಡು ಬೆರಳಲ್ಲಿ ಮೆತ್ತಗೆ ಹಿಡಿಯಿರಿ, ನಾಡಿ ನೋಡುವ ಹಾಗೆ. ಡೀಸೆಲ್ ಹೋಗುವಾಗ ಪೈಪು ಟಕ್ ಅಂತ ಮಿಡಿಯುತ್ತದೆ. ಅದೂ ಎರಡು ಸುತ್ತಿಗೆ ಒಂದೇ ಸಲ. ನಿಮ್ಮ ಟಿಕ್ಕು ಆ ಮಿಡಿತದ ಜೊತೆ ತಾಳ ಹಾಕುತ್ತಿದ್ದರೆ ವಾಲ್ವ್, ನಾಝಲ್ ಅಥವಾ ಎಕ್ಸಾಸ್ಟ್ ಕಡೆ ಅನುಮಾನ. ಒಂದು ಮಿಡಿತಕ್ಕೆ ಎರಡು ಟಿಕ್ ಅಂದರೆ ಕ್ರ್ಯಾಂಕಿನ ಜೊತೆ ತಿರುಗುವ ಯಾವುದೋ ಒಂದು. ಕೈಗೆ ಗೊತ್ತಾಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನಕ್ಕೆ ಓಡಿಸಿ ಕೇಳಿ. ನನ್ನ ಎಡಗಿವಿ ಡೀಸೆಲ್ ಇಂಜಿನ್‌ಗಳ ಪಕ್ಕ ನಿಂತೂ ನಿಂತೂ ಅರ್ಧ ಮಂದವಾಗಿದೆ, ನಾನೂ ಈಗ ಹಾಗೇ ಮಾಡೋದು.

ಲಯ ಒಂದೇ ಸಾಕ್ಷಿ ಸಾಲದು. ಸವೆದ ಬಿಗ್ ಎಂಡ್ ಕೂಡ ಕೆಲವು ಸಲ ಫೈರ್ ಆಗುವಾಗ, ಅಂದರೆ ಸಿಲಿಂಡರಿನಲ್ಲಿ ಡೀಸೆಲ್ ಹತ್ತಿಕೊಳ್ಳುವಾಗ, ಮಾತ್ರ ಬಡಿಯುತ್ತದೆ. ಅದನ್ನು ಬೇರೆ ಮಾಡೋಕೆ ಇನ್ನೊಂದು ಪರೀಕ್ಷೆ: ಒಂದೊಂದೇ ಸಿಲಿಂಡರಿಗೆ ಡೀಸೆಲ್ ನಿಲ್ಲಿಸೋದು. ಐಡಲಿಂಗ್‌ನಲ್ಲಿ ಇಂಜಿನ್ ಓಡುತ್ತಿರಲಿ. ನಾಝಲ್ ತುದಿಯ ಪೈಪಿನ ನಟ್ಟನ್ನು, ಸಾಮಾನ್ಯವಾಗಿ 17 ಅಥವಾ 19ರ ಸ್ಪ್ಯಾನರ್, ಅರ್ಧ ಸುತ್ತು ಸಡಿಲಿಸಿ. ನಟ್ಟಿನ ಸುತ್ತ ಬಟ್ಟೆ ಸುತ್ತಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು, ಬೆರಳು ಆ ಜಾಯಿಂಟಿನ ಹತ್ತಿರ ಹೋಗಲೇಬಾರದು. ಆ ಪೈಪಿನಲ್ಲಿ 200 ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ, ನಿಮ್ಮ ಟೈರಿನ ಗಾಳಿಯ ಮೂವತ್ತು ಪಟ್ಟಿಗೂ ಮೇಲೆ. ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು. ಒಳಗೆ ಕೈಯೇ ಹೋಗಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ನಿಮಗೆ ಧೈರ್ಯ ಇಲ್ಲದಿದ್ದರೆ ತಿಳಿದವರ ಕೈಯಲ್ಲಿ ಮಾಡಿಸಿ. ಕಾಮನ್ ರೇಲ್ ಇಂಜಿನ್ ಇರುವ ಹೊಸ ಗಾಡಿಗಳಲ್ಲಂತೂ ಈ ಪರೀಕ್ಷೆ ಮಾಡಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ.

ನಟ್ಟು ಸಡಿಲಿಸಿದಾಗ ಆ ಸಿಲಿಂಡರ್ ಫೈರ್ ಆಗೋದು ನಿಲ್ಲುತ್ತದೆ, ಇಂಜಿನ್ ಕುಂಟುತ್ತದೆ. ಸದ್ದು ಏನಾಯಿತು ಅಂತ ಆಗ ಕೇಳಿ. ಟಿಕ್ಕು ಹಾಗೇ ಮುಂದುವರಿದರೆ ಅದಕ್ಕೂ ಫೈರಿಂಗಿಗೂ ಸಂಬಂಧವಿಲ್ಲ. ವಾಲ್ವ್ ಕಡೆಯದು, ಇಲ್ಲವೇ ಬೆಲ್ಟ್ ಕಡೆಯದು. ಒಂದು ಸಿಲಿಂಡರಿನಲ್ಲಿ ಮಾತ್ರ ಸದ್ದು ನಿಂತರೆ ಅಥವಾ ಬಹಳ ಕಮ್ಮಿಯಾದರೆ ಆ ಸಿಲಿಂಡರಿನ ನಾಝಲ್, ಎಕ್ಸಾಸ್ಟ್ ಲೀಕ್, ಪಿಸ್ಟನ್ ಪಿನ್, ಬಿಗ್ ಎಂಡ್, ಈ ನಾಲ್ಕರಲ್ಲಿ ಒಂದು.

ಈ ನಾಲ್ಕರಲ್ಲೂ ನಿಮ್ಮ ಗಾಡಿಗೆ ಮೊದಲ ಅನುಮಾನ ನಾಝಲ್. ಮೂರು ವರ್ಷ ಟ್ಯಾಂಕಿನಲ್ಲಿ ಕೂತ ಡೀಸೆಲ್‌ಗೆ ನೀರು ಸೇರಿರುತ್ತದೆ, ತುಕ್ಕು ಸೇರಿರುತ್ತದೆ. ನಾಝಲ್‌ನ ಸೂಜಿ ಸ್ವಲ್ಪ ಹಿಡಿದುಕೊಂಡರೂ ಡೀಸೆಲ್ ಹೊಗೆಯ ಹಾಗೆ ಚಿಮ್ಮೋದು ಬಿಟ್ಟು ಹನಿಹನಿಯಾಗಿ ಬೀಳುತ್ತದೆ. ಆಗ ಅದು ಒಮ್ಮೆಗೇ ಹತ್ತಿಕೊಂಡು ಕಟಕಟ ಅನ್ನುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆಸಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ನಾಲ್ಕೂ ನಾಝಲ್ ಬಿಚ್ಚಿ ಟೆಸ್ಟರ್ ಮೇಲೆ ಹಾಕಿಸಿ. ವಾಪಸ್ ಹಾಕುವಾಗ ಕೆಳಗಿನ ತಾಮ್ರದ ವಾಷರ್ ಹೊಸದೇ ಇರಲಿ. ಈ ಕೆಲಸಕ್ಕೆ ನಮ್ಮ ಊರಲ್ಲಿ ಬರವಿಲ್ಲ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯಲ್ಲಿ ದಶಕಗಟ್ಟಲೆ ಡೀಸೆಲ್ ಪಂಪಿನ ಸಾಮಾನು ಮಾಡಿದ ಊರು ಇದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಹಳಬರ ಬಾಯಲ್ಲಿ ಇನ್ನೂ ‘ಮೈಕೋ ಪಂಪೇ’.

ಎಕ್ಸಾಸ್ಟ್ ಲೀಕ್ ಹಿಡಿಯೋದು ಸುಲಭ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಸದ್ದು ಜೋರು, ಮ್ಯಾನಿಫೋಲ್ಡ್ ಕಾದು ಹಿಗ್ಗಿದ ಮೇಲೆ ಕಮ್ಮಿ. ಪ್ಯಾಕಿಂಗ್ ಪಕ್ಕದಲ್ಲಿ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ ಇರುತ್ತದೆ. ಮುರಿದ ಸ್ಟಡ್ ಒಂದಾದರೂ ಸಿಗುತ್ತದೆ, ಹಳೇ ಗಾಡಿಗಳಲ್ಲಿ ಇದು ಸರ್ವೇಸಾಮಾನ್ಯ. ಪಿಸ್ಟನ್ ಸವೆದು ಸಡಿಲವಾಗಿದ್ದರೂ ತಣ್ಣಗಿದ್ದಾಗಲೇ ಸದ್ದು ಜಾಸ್ತಿ. ಆದರೆ ಅದಕ್ಕೆ ಕಪ್ಪು ಗೆರೆ ಇರಲ್ಲ. ಬೇರಿಂಗ್ ಇದಕ್ಕೆ ತಿರುಗಾಮುರುಗಾ: ಆಯಿಲ್ ಕಾದು ತೆಳುವಾದಷ್ಟೂ ಸದ್ದು ಏರುತ್ತದೆ.

ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿ ನೋಡೋದನ್ನು ಮರೆಯಬೇಡಿ. ವಾಟರ್ ಪಂಪ್ ತಿರುಗಲ್ಲ, ಅದಕ್ಕೇ ಅರ್ಧ ನಿಮಿಷ ಮಾತ್ರ. ಸದ್ದು ಮಾಯವಾದರೆ ಡೈನಮೋ, ವಾಟರ್ ಪಂಪ್, ಫ್ಯಾನ್ ಕಡೆ ಹೋಗಿ. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಇಂಜಿನ್ ಬಿಟ್ಟು ಹಿಂದೆ ಹುಡುಕಿ.

ಇಷ್ಟೆಲ್ಲ ಬರೆದರೂ, ಮೂರು ವರ್ಷ ನಿಂತ ಇಂಜಿನ್‌ನಲ್ಲಿ ನಾನು ಬಾಜಿ ಕಟ್ಟೋದಾದರೆ ರಾಕರ್ ಕವರ್ ಕೆಳಗೇ. ಬಿಚ್ಚುವ ಮುಂಚೆ ಜೆ.ಸಿ. ರಸ್ತೆಯಿಂದ ಹೊಸ ಪ್ಯಾಕಿಂಗ್ ತಂದಿಟ್ಟುಕೊಳ್ಳಿ, ಹಳೆಯದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಕವರ್ ತೆಗೆದ ಕೂಡಲೇ ಗ್ಯಾಪ್ ನೋಡೋಕೆ ಹೋಗಬೇಡಿ. ಮೊದಲು ಕಣ್ಣಲ್ಲಿ ನೋಡಿ. ರಾಕರ್‌ಗಳ ಮೇಲೆ ಆಯಿಲ್ ಹೊಳೆಯುತ್ತಿದೆಯಾ? ಯಾವುದಾದರೂ ಒಂದು ರಾಕರ್ ಮಾತ್ರ ಒಣಗಿ, ಕಂದು ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ಶಾಫ್ಟಿನ ಆಯಿಲ್ ತೂತು ಕೆಸರಿನಿಂದ ಕಟ್ಟಿದೆ. ಶಾಫ್ಟ್ ಬಿಚ್ಚಿ ತೂತುಗಳಿಗೆ ತಂತಿ ಹಾಕಿ ಬಿಡಿಸಬೇಕು. ಅದನ್ನು ಬಿಟ್ಟು ಗ್ಯಾಪ್ ಸೆಟ್ ಮಾಡಿದರೆ ಹದಿನೈದು ದಿನಕ್ಕೆ ಸದ್ದು ವಾಪಸ್.

ಆಮೇಲೆ ಫಿಲ್ಲರ್ ಗೇಜ್, ಅಂದರೆ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು. ಇಂಜಿನ್ ಪೂರಾ ತಣ್ಣಗಿರಲಿ, ಗೇರ್ ನ್ಯೂಟ್ರಲ್, ಬ್ಯಾಟರಿ ವಯರ್ ಬಿಚ್ಚಿರಲಿ. ಫೈರಿಂಗ್ ಆರ್ಡರ್ 1-3-4-2. ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾ ಒಂದನೇ ಸಿಲಿಂಡರಿನ ಎರಡು ರಾಕರ್ ನೋಡಿ. ಒಂದು ಮೇಲೇಳುತ್ತಾ ಇನ್ನೊಂದು ಇಳಿಯೋಕೆ ಶುರುವಾಗುವ ಜಾಗದಲ್ಲಿ ನಿಲ್ಲಿಸಿದರೆ ನಾಲ್ಕನೆಯದರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ, ಅವನ್ನು ಸೆಟ್ ಮಾಡಿ. ಎರಡರಲ್ಲಿ ಹಾಗೆ ಆಡಿದಾಗ ಮೂರನೆಯದು, ಮೂರಕ್ಕೆ ಎರಡು, ನಾಲ್ಕಕ್ಕೆ ಒಂದು. ಕೂಡಿದರೆ ಯಾವಾಗಲೂ ಐದು. ಇಷ್ಟು ನೆನಪಿದ್ದರೆ ಸಾಕು. ಗ್ಯಾಪ್ ಎಷ್ಟು ಅನ್ನೋದನ್ನು ನಿಮ್ಮ ಇಂಜಿನ್ ಮಾಡೆಲ್‌ನ ಮ್ಯಾನುಯಲ್ ನೋಡಿಯೇ ಇಡಿ. ಇನ್‌ಲೆಟ್‌ಗೆ ಬೇರೆ, ಎಕ್ಸಾಸ್ಟ್‌ಗೆ ಬೇರೆ ಇರಬಹುದು. ಅಂದಾಜು ಬೇಡ. 0.1 ಮಿ.ಮೀ. ಅಂದರೆ ಹೆಚ್ಚುಕಮ್ಮಿ ಒಂದು ಜೆರಾಕ್ಸ್ ಹಾಳೆಯ ದಪ್ಪ. ಒಂದೆರಡು ಹಾಳೆ ಹೆಚ್ಚಾದರೂ ಟಿಕ್ಕು ರಸ್ತೆಗೆ ಕೇಳುತ್ತದೆ.

ಇಲ್ಲಿ ಗೇಜ್ ಕೂಡ ಸುಳ್ಳು ಹೇಳುತ್ತದೆ. ವಾಲ್ವ್ ಮೇಲೆ ಬಡಿಯುವ ರಾಕರ್ ತುದಿಯನ್ನು ಟಾರ್ಚ್ ಹಾಕಿ ಕೆಳಗಿನಿಂದ ನೋಡಿ, ಉಗುರಿನಿಂದ ಸವರಿ. ಬಡಿದೂ ಬಡಿದೂ ಅಲ್ಲಿ ಒಂದು ಸಣ್ಣ ಕುಳಿ ಬಿದ್ದಿರುತ್ತದೆ, ಉಗುರು ಅದರ ಅಂಚಿಗೆ ಸಿಗುತ್ತದೆ. ಗೇಜಿನ ಪಟ್ಟಿ ಚಪ್ಪಟೆ, ಅದು ಕುಳಿಯ ಮೇಲೆ ಸೇತುವೆ ಥರ ಕೂರುತ್ತದೆ. ಗೇಜು ‘ಸರಿಯಿದೆ’ ಅನ್ನುತ್ತದೆ. ಆದರೆ ವಾಲ್ವಿನ ತುದಿ ಕುಳಿಯೊಳಗೆ ಹೋಗಿ ಬಡಿಯೋದರಿಂದ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ. ‘ಮೂರು ಸಲ ಟಪ್ಪೆಟ್ ಸೆಟ್ ಮಾಡಿಸಿದೆ, ಸದ್ದು ಹೋಗಲಿಲ್ಲ’ ಅಂತ ಬರುವವರಲ್ಲಿ ಎಷ್ಟೋ ಜನರ ಕಥೆ ಇದೇ. ರಾಕರ್ ಬದಲಾಯಿಸಿ, ಇಲ್ಲವೇ ಕುಳಿ ಆಳವಿಲ್ಲದಿದ್ದರೆ ಗ್ರೈಂಡ್ ಮಾಡಿಸಿ.

ಒಂದು ವಾಲ್ವಿನ ಗ್ಯಾಪ್ ಮಾತ್ರ ವಿಪರೀತ ಇದ್ದರೆ ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ. ಆ ಪುಶ್ ರಾಡ್ ಎಳೆದು ಗಾಜಿನ ಮೇಲೆ ಉರುಳಿಸಿ. ನಿಂತ ಗಾಡಿಯಲ್ಲಿ ವಾಲ್ವ್ ತುಕ್ಕು ಹಿಡಿದು ಅಂಟಿರುತ್ತದೆ. ಮೊದಲ ಸ್ಟಾರ್ಟಿಗೆ ಬಗ್ಗೋದು ಪುಶ್ ರಾಡ್. ರಾಡ್ ನೆಟ್ಟಗಿದ್ದರೆ, ಆ ರಾಕರ್ ಉಳಿದವುಗಳಷ್ಟೇ ಎತ್ತರ ಎತ್ತುತ್ತಿದೆಯಾ ಅಳೆಯಿರಿ. ಕಮ್ಮಿ ಎತ್ತುತ್ತಿದ್ದರೆ ಕ್ಯಾಮ್ ಸವೆದಿದೆ. ಆಗ ಮಾತ್ರ ದೊಡ್ಡ ಕೆಲಸ, ಇಂಜಿನ್ ಇಳಿಸುವ ಮಾತು ಆಗ ನ್ಯಾಯ.

ಎಲ್ಲ ಆದ ಮೇಲೂ ಕಿವಿಗೊಟ್ಟರೆ ಸಣ್ಣದೊಂದು ಟಿಕ್ಕು ಕೇಳುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಪೂರ್ತಿ ಸದ್ದಿಲ್ಲದ ಹಾಗೆ ಮಾಡಿಕೊಡಿ ಅಂತ ಮೆಕ್ಯಾನಿಕ್‌ಗೆ ಹೇಳಬೇಡಿ. ನಿಮ್ಮ ಖುಷಿಗೆ ಅವರು ಗ್ಯಾಪ್ ಬಿಗಿ ಮಾಡಿಕೊಡುತ್ತಾರೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡೋದು ಸೀಟಿಗೆ ತಾಗಿ ಕೂತಾಗ. ಗ್ಯಾಪ್ ಬಿಗಿಯಾದರೆ ಅದು ಪೂರ್ತಿ ಕೂರಲ್ಲ, ಅಂಚು ಸುಡುತ್ತದೆ, ಕೆಲವೇ ತಿಂಗಳಲ್ಲಿ ಹೆಡ್ ಬಿಚ್ಚಬೇಕಾಗುತ್ತದೆ. ಸೆಟ್ ಮಾಡಿದ ಎಂಟು ಅಳತೆಗಳನ್ನೂ ತಾರೀಕಿನ ಜೊತೆ ಒಂದು ರಟ್ಟಿನಲ್ಲಿ ಬರೆದು ಗಾಡಿಯ ಪೇಪರ್‌ಗಳ ಜೊತೆ ಇಡಿ. ಮುಂದಿನ ಸಲ ಯಾವ ವಾಲ್ವಿನ ಗ್ಯಾಪ್ ಓಡಿಹೋಗಿದೆ ಅಂತ ಅದನ್ನು ನೋಡಿಯೇ ಗೊತ್ತಾಗುತ್ತದೆ.